ನೋಯುವ ಮಂಡಿ

ನಿವೃತ್ತ ಅಬಕಾರಿ ಇನ್‌ಸ್ಪೆಕ್ಟರ್ ಗುರುಶಾಂತಪ್ಪ ಬ್ಯಾಂಕಿನ ಕೌಂಟರಿಗೆ ಚೀಟಿ ತಳ್ಳಿ, "ಮೂರು ಲಕ್ಷ, ಈಗಲೇ ಕಳಿಸಮ್ಮ," ಎಂದು ಗುಡುಗಿದರು.

"ಯಾರಿಗೆ ಸರ್?" ಗುಮಾಸ್ತೆ ಕೇಳಿದಳು.

"ಫೋನಲ್ಲಿ ಪರಿಚಯವಾದ ಹುಡುಗಿಗೆ. ಷೇರಿಗೆ ಹಾಕಿ ತಿಂಗಳಲ್ಲಿ ಆರು ಲಕ್ಷ ಮಾಡಿಕೊಡ್ತಾಳೆ. ಮೋಸ ಅಂತ ನನಗೆ ಪಾಠ ಹೇಳಬೇಡ. ಮೂವತ್ತು ವರ್ಷ ಕಳ್ಳರನ್ನೇ ಹಿಡಿದವನು ನಾನು. ಎರಡು ತಿಂಗಳಿಂದ ದಿನಾ ಫೋನ್ ಮಾಡಿ, ಮಂಡಿನೋವು ಹೇಗಿದೆ ಅಂತ ಕೇಳ್ತಾಳೆ. ಯಾವ ಕಳ್ಳ ಹಾಗೆ ಕೇಳ್ತಾನೆ?"

ಗುಮಾಸ್ತೆ ವಾದಕ್ಕಿಳಿಯಲಿಲ್ಲ. "ಕಳಿಸೋಣ ಸರ್. ಪರಿಚಯದವರು ಅನ್ನೋದಕ್ಕೆ ಒಂದು ಗುರುತು ಬೇಕಷ್ಟೆ. ಫೋನ್ ಮಾಡಿ ಸ್ಪೀಕರ್ ಹಾಕಿ. ನಿಮಗೆ ನೋಯೋದು ಯಾವ ಮಂಡಿ ಅಂತ ಕೇಳಿ."

ಗುರುಶಾಂತಪ್ಪ ನಗುತ್ತಲೇ ಕೇಳಿದರು. ಆ ಕಡೆಯಿಂದ ಹುಡುಗಿಯ ದನಿ ಬಂತು.

"ಬಲಗಡೇದಲ್ವಾ ಅಂಕಲ್? ದುಡ್ಡು ಹಾಕಿದ್ರಾ?"

ಅವರು ಫೋನ್ ಕಟ್ ಮಾಡಿ ಬೆಂಚಿನ ಮೇಲೆ ಕೂತರು. "ಅರವತ್ತು ಸಲ ಹೇಳಿದೀನಿ," ಅಂದರು.

"ಎಡಗಡೇದು ಸರ್," ಅಂದಳು ಗುಮಾಸ್ತೆ. "ನಮ್ಮ ಮೆಟ್ಟಿಲು ಹತ್ತುವಾಗ ನೀವು ಯಾವಾಗಲೂ ಬಲಗಾಲನ್ನೇ ಮೊದಲು ಇಡ್ತೀರಿ."

ಗುರುಶಾಂತಪ್ಪ ಅವಳ ಮುಖವನ್ನೇ ನೋಡಿದರು. ಆಮೇಲೆ ಚೀಟಿ ಹರಿದು ಜೇಬಿಗೆ ಹಾಕಿಕೊಂಡು, ಪಾಸ್‌ಬುಕ್ ಚಾಚಿದರು. "ಇದನ್ನಾದರೂ ಪ್ರಿಂಟ್ ಮಾಡಿಕೊಡು."

ಪ್ರಿಂಟರ್ ಪಕ್ಕದಲ್ಲೇ ಗುಂಯ್ ಅನ್ನುತ್ತಿತ್ತು. ಗುಮಾಸ್ತೆ ಮೆಲ್ಲಗೆ ಅದರ ಸ್ವಿಚ್ ಆರಿಸಿದಳು.

"ಮಿಷನ್ ಕೆಟ್ಟಿದೆ ಸರ್. ನಾಳೆ ಬನ್ನಿ, ಮಂಡಿನೋವು ಹೇಗಿದೆ ಅಂತಾನೂ ಹೇಳಿ."

ಆ ಬ್ಯಾಂಕಿನಲ್ಲಿ ಈ ಮಾತು ಕೇಳಿ ಖುಷಿಯಾಗಿ ಮನೆಗೆ ಹೋದವರು ಅವರೊಬ್ಬರೇ.