ಮೈಲಾರಜ್ಜನ ಮೊದಲ ಪಾಠ

ಬಹಳ ಕಾಲದ ಹಿಂದೆ, ಇಸವಿ ಎಣಿಸುವವರೇ ಇಲ್ಲದಾಗ, ಹದ್ದಿನಕಲ್ಲು ಎಂಬ ಊರಲ್ಲಿ ಒಂದು ಬೆಳಗ್ಗೆ ಎಲ್ಲವೂ ಎಂದಿನಂತೆಯೇ ಇತ್ತಂತೆ. ಮನೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಕಣಿವೆಯ ಅಂಚಿನ ಬಂಡೆಯ ಮೇಲೆ ಮೈಲಾರಜ್ಜ ರೆಕ್ಕೆಯ ಬಟ್ಟೆಗೆ ಹುಣಸೆಬೀಜದ ಅಂಟು ಸವರುತ್ತಿದ್ದ.

ಮೈಲಾರಜ್ಜ ಮನುಷ್ಯರಿಗೆ ಹಾರುವುದನ್ನು ಕಲಿಸಿದವನು. ಬಿದಿರಿನ ರೆಕ್ಕೆ ಕಟ್ಟಿ ಜನರನ್ನು ಕಣಿವೆಯಾಚೆಗೆ ಹಾರಿಸುತ್ತಿದ್ದ. ಅವನು ಹಾರಿದರೆ ಹದ್ದುಗಳು ದಾರಿ ಬಿಡುತ್ತಿದ್ದವು ಅಂತಾರೆ. ಮೋಡದ ಮೇಲೆ ಕೂತು ಎಲೆಅಡಿಕೆ ಹಾಕಿದ್ದ ಅಂತಲೂ ಅಂತಾರೆ.

ಅಂದು ಬುಟ್ಟಿ ಹೆಣೆಯುವ ದುರುಗವ್ವ ಮೊದಲ ಸಲ ಒಬ್ಬಳೇ ಹಾರುವವಳಿದ್ದಳು. ಆಚೆಯೂರಲ್ಲಿ ಮಗಳು ಹೆತ್ತಿದ್ದಳು. ನಡೆದರೆ ಮೂರು ದಿನದ ದಾರಿ.

"ಬುಟ್ಟಿ ಹೆಣೆಯೋಳಿಗೆ ರೆಕ್ಕಿ ಯಾಕಬೇ?" ಎಂದು ಯಾರೋ ಕೆಣಕಿದರು.

"ಮೊಮ್ಮಗನ ಮಾರಿ ನೋಡಾಕ. ನಿನ್ನ ಮಾರಿ ನೋಡಿ ಸಾಕಾಗೇತಿ."

ಚೆನ್ನಾಗಿಯೇ ಹಾರಿದಳು. ಆಚೆ ಇಳಿಯುವಾಗ ಗಾಳಿ ಹೊಡೆಯಿತು. ಹಾರಿ ಹೊರಡುವಾಗ ರೆಕ್ಕೆಯ ಹಿಡಿಗೋಲನ್ನು ಎದೆಗೆ ಎಳೆಯಬೇಕು, ಇಳಿಯುವಾಗ ಮುಂದಕ್ಕೆ ತಳ್ಳಬೇಕು. ದುರುಗವ್ವ ಎದೆಗೆ ಎಳೆದುಕೊಂಡಳು. ರೆಕ್ಕೆ ಮೂಗು ತಗ್ಗಿಸಿ ಕಲ್ಲಿಗೆ ಬಡಿಯಿತು.

ಬಂಡೆಯ ಮೇಲಿದ್ದ ಜನ ಮೈಲಾರಜ್ಜನ ಕಡೆ ತಿರುಗಿದರು.

"ತಳ್ಳು ಅಂತ ನೂರು ಸಲ ಹೇಳಿದ್ದೆ. ಕೇಳಲಿಲ್ಲ," ಅಂದುಬಿಟ್ಟ.

ಹೇಳಿದ ಮೇಲೆ ಆ ಮಾತು ಅವನ ಬಾಯಲ್ಲೇ ಕಹಿಯಾಗಿ ಉಳಿಯಿತಂತೆ. ಅವಳನ್ನು ನೋಡಲು ಹೊರಟ. ಹಾರಲಿಲ್ಲ. ಮೂರು ದಿನ ನಡೆದೇ ಹೋದ.

ದುರುಗವ್ವ ಮಗಳ ಮನೆಯಲ್ಲಿ ಸೊಂಟ ಮುರಿದು ಚಾಪೆಯ ಮೇಲೆ ಮಲಗಿದ್ದಳು. ಪಕ್ಕದಲ್ಲಿ ಮೊಮ್ಮಗ. ಅಜ್ಜ ತಾನು ಅಂದುಬಿಟ್ಟ ಮಾತನ್ನು ಹೇಳಿದ. ಅವಳಿಗೆ ಸಿಟ್ಟಿರಲಿಲ್ಲ ಅಂತಾರೆ.

"ನೂರು ಸಲ ಹೇಳಿದ್ದು ಖರೆ, ಅಜ್ಜಾ. ಮೊದಲನೇ ಸಲ ಏನು ಹೇಳಿದ್ದಿ, ನೆನಪೈತೇನು?"

ನೆನಪಿತ್ತು. ನಾಲ್ಕು ತಿಂಗಳ ಹಿಂದೆ, ಕಲಿಯಲು ಬಂದ ದಿನವೇ ಅವಳನ್ನು ಬಂಡೆಯ ಅಂಚಿಗೆ ನಿಲ್ಲಿಸಿದ್ದ. ಅವಳ ಕಾಲು ನಡುಗುತ್ತಿದ್ದವು. "ಕೋಲು ಎದೆಗೆಳಿ, ಬಿಡಬ್ಯಾಡ!" ಎಂದು ಕೂಗಿದ್ದ. ಎಲ್ಲರಿಗೂ ಹಾಗೆಯೇ ಕಲಿಸುತ್ತಿದ್ದ. ಭಯದಲ್ಲಿ ಕಲಿತದ್ದನ್ನು, ಗಾಳಿ ಹೊಡೆದಾಗ, ಕೈ ಭಯದಲ್ಲೇ ನೆನಪಿಸಿಕೊಂಡಿತ್ತು. ಆಮೇಲಿನ ನೂರು ಮಾತು ಕಿವಿಯಲ್ಲೇ ಉಳಿದಿದ್ದವು.

ಅಜ್ಜ ಊರಿಗೆ ಮರಳಿ ಮನೆಮನೆಯ ಹೊಸ್ತಿಲಲ್ಲಿ ನಿಂತು, "ಅಕಿ ನನ್ನ ಮಾತು ಕೇಳಿದ್ದಳು. ನಾನು ತಪ್ಪು ಕಲಿಸಿದ್ದೆ," ಎಂದು ಹೇಳಿಬಂದ. ಮುಂದೆ ಯಾರನ್ನೂ ಮೊದಲ ದಿನವೇ ಬಂಡೆಗೆ ಹತ್ತಿಸಲಿಲ್ಲ. ನಲವತ್ತು ದಿನ ಮರಳಿನ ದಿಬ್ಬದಿಂದ ಬರೀ ಇಳಿಯುವುದನ್ನೇ ಕಲಿಸಿದ. ನಡುಕ ನಿಲ್ಲುವವರೆಗೆ ಕಾದ.

ಈಗ ಅಲ್ಲಿ ಹಾರುವವರಿಲ್ಲ. ಆದರೂ ಆ ಊರಲ್ಲಿ ಮಗ್ಗವಾಗಲಿ, ಅಕ್ಷರವಾಗಲಿ, ಕಲಿಯುವವರು ತಪ್ಪಿದರೆ ಕಲಿಸುವವರು ಮೊದಲು ತಮ್ಮ ಕಿವಿ ತಾವೇ ಹಿಡಿದುಕೊಳ್ಳುತ್ತಾರೆ.

ದುರುಗವ್ವ ಮತ್ತೆ ನಡೆಯಲಿಲ್ಲ.