ಶ್ರುತಿಕೊಳವೆಯ ಮೇಣ

“ಗುರುಗಳೇ, ನಮಗೆ ಬೇಕಾದವರು ತಪ್ಪಿದಾಗ, ಅವರ ಮನಸ್ಸು ನೋಯಬಾರದೆಂದು ನಾವೇ ಒಂದಿಷ್ಟು ಹೊಂದಿಕೊಂಡು ಹೋದರೆ ಅದು ಪಾಪವೇ?” ಎಂದು ಬೊಮ್ಮಣ್ಣನೆಂಬ ಶಿಷ್ಯ ಕೇಳಿದ. ಹಿಂದಿನ ದಿನದ ಪಾಠ ಮುಗಿದಾಗಿನಿಂದ ಅವನು ಸರಿಯಾಗಿ ಊಟ ಮಾಡಿರಲಿಲ್ಲ.

ಗುರುಗಳು ನಕ್ಕರು. “ಪಾಪವೋ ಪುಣ್ಯವೋ ಆಮೇಲೆ ನೋಡೋಣ. ಮೊದಲು ಕತೆ ಕೇಳು,” ಎಂದರು.

ಒಬ್ಬ ಓಲಗದವನಿದ್ದ. ಅವನ ತಮ್ಮ ಪಕ್ಕದಲ್ಲಿ ನಿಂತು ಶ್ರುತಿ ಊದುತ್ತಿದ್ದ. ಶ್ರುತಿಯವನಿಗೆ ರಾಗವಿಲ್ಲ, ಹೊಗಳಿಕೆಯಂತೂ ಇಲ್ಲವೇ ಇಲ್ಲ. ಒಂದೇ ಸ್ವರ ಹಿಡಿದು ಕೆನ್ನೆ ಉಬ್ಬಿಸಿ ನಿಲ್ಲುವುದು ಅವನ ಕೆಲಸ. ಆದರೆ ಆ ಒಂದು ಸ್ವರ ಸರಿದರೆ ಅಣ್ಣನ ವಿದ್ಯೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಅಣ್ಣನ ಬಳಿ ಉದ್ದದ ಓಲಗವೊಂದು, ಗಿಡ್ಡದೊಂದು ಇದ್ದವು. ಉದ್ದದ್ದಕ್ಕೆ ತಗ್ಗಿನ ಸ್ವರ, ಗಿಡ್ಡದ್ದಕ್ಕೆ ಏರು ಸ್ವರ. ತಮ್ಮನಿಗೆ ಇದ್ದದ್ದು ಒಂದೇ ಶ್ರುತಿಕೊಳವೆ. ಅದರ ತುದಿಯ ತೂತುಗಳಿಗೆ ಮೇಣ ಮೆತ್ತಿದರೆ ಸ್ವರ ತಗ್ಗುತ್ತದೆ, ಕಿತ್ತರೆ ಏರುತ್ತದೆ. ಅಣ್ಣ ಓಲಗ ಬದಲಿಸಿದಾಗ ತಮ್ಮ ಮೇಣ ಬದಲಿಸಬೇಕು. ಎರಡೂ ಕೂಡದೆ ಊದುವಂತಿಲ್ಲ. ‘ಕೂಡಲಿಲ್ಲ’ ಎನ್ನುವ ಹಕ್ಕು ಶ್ರುತಿಯವನದು. ಅವನು ಹಾಗೆಂದರೆ ರಾಜನಾದರೂ ಕಾಯಬೇಕು.

ಅಣ್ಣನಿಗೆ ವಯಸ್ಸಾಯಿತು. ಒಂದು ದಿನ ಮುಂದಿನ ಹಲ್ಲು ಬಿತ್ತು. ತುಟಿಯ ಬಿಗಿ ಹೋಗಿ ಸ್ವರ ಕೂದಲೆಳೆಯಷ್ಟು ಇಳಿಯಿತು. ತಮ್ಮನಿಗೆ ತಿಳಿಯಿತು. ಹೇಳಲು ಬಾಯಿ ತೆರೆದ. ಅಣ್ಣನ ಮುಖ ನೋಡಿದ. ಅಪ್ಪ ಸತ್ತ ಮೇಲೆ ಅನ್ನ ಹಾಕಿ ವಿದ್ಯೆ ಕಲಿಸಿದವನ ಮುಖ ಅದು. ತಮ್ಮ ಬಾಯಿ ಮುಚ್ಚಿಕೊಂಡು ಚಿಟಿಕೆ ಮೇಣ ಮೆತ್ತಿದ. ಎರಡೂ ಕೂಡಿದವು. ಜನ ತಲೆದೂಗಿದರು.

ಇನ್ನೊಂದು ಹಲ್ಲು ಬಿತ್ತು. ಇನ್ನಷ್ಟು ಮೇಣ ಬಿತ್ತು. ಅಣ್ಣ ಇಳಿದಲ್ಲಿಗೆಲ್ಲ ತಮ್ಮನೂ ಇಳಿದ. ಅಣ್ಣನ ಕಿವಿ ತಮ್ಮನನ್ನು ನಂಬಿತ್ತು, ಪಾಪ, ಅದಕ್ಕೇನು ಗೊತ್ತಾದೀತು?

ಆ ದೇಶದ ರಾಜಕುಮಾರಿಗೆ ಮದುವೆ ಗೊತ್ತಾಯಿತು. ಅವಳನ್ನು ತೊಟ್ಟಿಲಿಗೆ ಹಾಕಿದ ದಿನ ಊದಿದವನು ಈ ಅಣ್ಣನೇ. ಅವಳ ಧಾರೆಗೂ ಊದಿಬಿಟ್ಟರೆ ತನ್ನ ಜನ್ಮ ಸಾರ್ಥಕ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ.

ಧಾರೆಯ ಹೊತ್ತಿಗೆ ಹೆಣ್ಣಿನ ಕಡೆಯ ಓಲಗವೂ ಗಂಡಿನ ಕಡೆಯ ಓಲಗವೂ ಒಟ್ಟಿಗೆ ಊದುವುದು ಅಲ್ಲಿನ ಪದ್ಧತಿ. ಎರಡಕ್ಕೂ ಶ್ರುತಿ ಒಂದೇ, ಅದು ಗಂಡಿನ ಕಡೆಯದು. ಮುಹೂರ್ತ ಹತ್ತಿರವಾಯಿತು. ಹೆಣ್ಣಿನ ಕಡೆಯಿಂದ ಅಣ್ಣ ಓಲಗವನ್ನು ತುಟಿಗಿಟ್ಟು ಒಂದು ಸ್ವರ ಊದಿದ. ಗಂಡಿನ ಕಡೆಯ ಶ್ರುತಿಯವನು ಕೊಳವೆ ಕೆಳಗಿಳಿಸಿದ. “ಕೂಡಲಿಲ್ಲ, ಅಜ್ಜಾ,” ಎಂದ.

ಅಣ್ಣ ಮತ್ತೆ ಊದಿದ. ಕೂಡಲಿಲ್ಲ. “ನಿನ್ನ ಶ್ರುತಿಯೇ ಸುಳ್ಳು!” ಎಂದು ತುಂಬಿದ ಮಂಟಪದಲ್ಲಿ ಕೂಗಾಡಿದ. ಗಂಡಿನ ಕಡೆಯ ಓಲಗದವನು ಆ ಶ್ರುತಿಗೆ ಅದೇ ಸ್ವರ ಊದಿದ. ಹಾಲಿಗೆ ಹಾಲು ಸೇರಿದಂತೆ ಸೇರಿತು. ಮಂಟಪದಲ್ಲಿ ಯಾರೋ ಕಿಸಕ್ಕೆಂದರು.

ರಾಜ ಕಾದಾನು, ಮುಹೂರ್ತ ಕಾಯುವುದೇ? ಒಂದೇ ಓಲಗ ಮೊಳಗಿತು, ಗಂಡಿನ ಕಡೆಯದು. ಧಾರೆ ಮುಗಿದೇಹೋಯಿತು. ತಾನು ತೊಟ್ಟಿಲಿಗೆ ಊದಿದ ಮಗುವಿನ ಧಾರೆಯನ್ನು ಮುದುಕ ಓಲಗವನ್ನು ಎದೆಗವಚಿಕೊಂಡು ಸುಮ್ಮನೆ ನಿಂತು ನೋಡಿದ.

ಆಮೇಲೆ ತಮ್ಮನ ಕಡೆ ತಿರುಗಿದ. ತಮ್ಮನ ಕೈಯಲ್ಲಿ ಮೇಣದ ಉಂಡೆಯಿತ್ತು. ಅದನ್ನು ಕಂಡದ್ದೇ ಮುದುಕನಿಗೆ ಸಿಡಿಲು ಬಡಿದಂತಾಯಿತು.

“ಎಂದಿನಿಂದ?” ಎಂದ.

“ನಿನ್ನ ಮೊದಲ ಹಲ್ಲು ಬಿದ್ದಾಗಿನಿಂದ, ಅಣ್ಣಾ. ನಿನಗೆ ನೋವಾಗಬಾರದು ಅಂತ...”

“ಅಯ್ಯೋ, ಅವತ್ತೇ ಹೇಳಿದ್ದರೆ ಬಾಯಿಗಿಡುವ ಪೀಪಿಯ ತುದಿಯನ್ನು ಅಕ್ಕಿಕಾಳಿನಷ್ಟು ಕತ್ತರಿಸಿ ಸ್ವರ ಏರಿಸಿಕೊಳ್ಳುತ್ತಿದ್ದೆನಲ್ಲೋ!”

ಮುದುಕ ಓಲಗವನ್ನು ಅಲ್ಲೇ ನೆಲದ ಮೇಲಿಟ್ಟು ಮಂಟಪದಿಂದ ಹೊರಟುಹೋದ. ಮತ್ತೆಂದೂ ಅದನ್ನು ಮುಟ್ಟಲಿಲ್ಲ.

ಗುರುಗಳು ಉಸಿರುಬಿಟ್ಟು ಹೇಳಿದರು: “ಓಲಗ ಬದಲಾದಾಗ ಮೇಣ ಮೆತ್ತಿದ್ದೂ ಅದೇ ಕೈ, ಓಲಗ ತಪ್ಪಿದಾಗ ಮೆತ್ತಿದ್ದೂ ಅದೇ ಕೈ. ಮೊದಲನೆಯದು ಸೇವೆ. ಎರಡನೆಯದನ್ನೂ ಅವನು ಸೇವೆ ಎಂದೇ ತಿಳಿದಿದ್ದ.”

ಬೊಮ್ಮಣ್ಣ ಭಕ್ತಿಯಿಂದ ತಲೆಯಾಡಿಸತೊಡಗಿದ.

“ನಿನ್ನೆ ಪಾಠದಲ್ಲಿ ನಾನು ತಪ್ಪು ಅರ್ಥ ಹೇಳಿದಾಗಲೂ ಹೀಗೇ ತಲೆಯಾಡಿಸಿದೆಯಲ್ಲ, ಬೊಮ್ಮಣ್ಣ, ನನ್ನ ಮೊದಲ ಹಲ್ಲು ಬಿದ್ದದ್ದು ಯಾವಾಗ?” ಎಂದರು ಗುರುಗಳು.

ಬೊಮ್ಮಣ್ಣನ ತಲೆ ಅಲ್ಲೇ ನಿಂತಿತು.