ಗೊರವಂಕದ ಮಗನ ಹೆಸರು

ಆಲದ ಮರದ ಗೊರವಂಕ ತನ್ನ ಮಗನಿಗೆ ಬೇರೆ ಯಾರಿಗೂ ಇಲ್ಲದ ಹೆಸರೊಂದನ್ನು ಹುಡುಕಿಟ್ಟಿದ್ದಳು. ತೊಟ್ಟಿಲ ಶಾಸ್ತ್ರದ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ತಾಯಿ ಅವಳನ್ನೂ ಹತ್ತಿರ ಬಿಡದೆ ತಾನೇ ಉಸುರಿದಳು. "ಗೊತ್ತಾದರೆ ನಾಳೆ ಗೂಡುಗೂಡಿಗೂ ಅದೇ ಹೆಸರಾಗುತ್ತದೆ" ಎಂದಳು.

ರೆಕ್ಕೆ ಬಲಿಯುತ್ತಲೇ ಮರಿ ಒಂದು ಸಂಜೆ ದಾರಿ ತಪ್ಪಿತು. ತಾಯಿ ಪೊದೆಪೊದೆಗೂ ಹೋಗಿ ಹೆಸರನ್ನು ಪಿಸುಗುಟ್ಟಿದಳು. ಮರಿಗೆ ಕೇಳಿಸಲಿಲ್ಲ. ಮೇಲೆ ಗಿಡುಗ ಸುತ್ತತೊಡಗಿತು.

"ಅತ್ತಿಗೆ, ಹೆಸರು ಹೇಳಿ. ಎಲ್ಲರೂ ಸೇರಿ ಕೂಗೋಣ" ಎಂದಳು ಸೋದರತ್ತೆ.

"ಇಂಚರಾಯ!" ಎಂದು ತಾಯಿ ಚೀರಿದಳು. ಮರಕ್ಕೆ ಮರವೇ ಆ ಹೆಸರು ಕೂಗಿತು. ಬೇಲಿಯೊಳಗಿಂದ ಮರಿ "ಓ" ಎಂದಿತು.

ಮಗನನ್ನು ರೆಕ್ಕೆಯಡಿ ಸೇರಿಸಿಕೊಂಡ ತಾಯಿಗೆ ಸೋದರತ್ತೆ, "ಹೆಸರು ಎಲ್ಲರಿಗೂ ಗೊತ್ತಾಗಿಹೋಯಿತಲ್ಲ, ಅತ್ತಿಗೆ" ಎಂದಳು.

"ನಾಮಕರಣ ಆದದ್ದೇ ಇವತ್ತು ಬಿಡು" ಎಂದಳು ತಾಯಿ.